ಖಾಲಿಯಿಂದ ಎತ್ತಿ ಸಮಕ್ಕ ಇಳಸೂದು: ಗಿಟಾರದಾಗ ಬೀಬಾಪ್ ಲೈನ್ ಕಟ್ಟೂದು ಹೆಂಗ

ಎರಡು ವರ್ಷ ನಾ ಬೀಬಾಪ್ (1940ರ ದಶಕದಾಗ ಬೆಳೆದ ಒಂದು ಜಾಝ್ ಶೈಲಿ) ಕಲ್ಯಾಕತ್ತೀನಿ ಅಂತ ಎಲ್ಲಾರ ಮುಂದ ಹೇಳ್ಕೋತ ಅಡ್ಡಾಡಿದೆ, ಖರೆ ಅಂದ್ರ ಕಲ್ತಿದ್ದು ಸ್ಕೇಲ್ ಜೋರಾಗಿ ಓಡಸೂದು ಅಷ್ಟ. ಬೆಳಗಾವಿದಾಗ ಜುಲೈ ಮಳಿ ಹಿಡೀತಂದ್ರ ಹೊರಗ ಎಲ್ಲಿ ಹೋಗ್ತೀರಿ, ಟಿಳಕವಾಡಿ ಮನಿಯ ಮ್ಯಾಲಿನ ಖೋಲಿದಾಗ ಕುಂತು ಮೆಟ್ರೋನೋಮ್ ಹಚ್ಚಿ ಡೋರಿಯನ್, ಮಿಕ್ಸೋಲಿಡಿಯನ್ ಅಂತ ತಿಕ್ಕಿದ್ದೇ ತಿಕ್ಕಿದ್ದು. ಒಂದಿನ ತಬಲಾ ಬಾರಸೂ ಗೆಳ್ಯಾ ಚಾ ಕುಡ್ಯಾಕ ಬಂದಾಂವ ಐದು ನಿಮಿಷ ಕೇಳಿ, "ಬೆರಳು ಚಲೋ ಓಡ್ತಾವಲೇ, ಆದ್ರ ಸಮ ಎಲ್ಲೈತಿ?" ಅಂದ. ಸಮ ಅಂದ್ರ ತಾಳದ ಮೊದಲನೇ ಮಾತ್ರೆ, ಮಾತ್ರೆ ಅಂದ್ರ ತಾಳದ ಒಂದು ಬೀಟ್. ನನಗ ಸಿಟ್ಟ ಬಂತು, ಯಾಕಂದ್ರ ಉತ್ತರ ಇರಲಿಲ್ಲ. ಈಗ ಬರ್ಯಾಕತ್ತಿದ್ದು ಆ ಪ್ರಶ್ನೆಗೇ ಉತ್ತರ. ಬೀಬಾಪ್ ಲೈನ್ ಅಂದ್ರ ಯಾವ ಸ್ವರ ಯಾವ ಮಾತ್ರೆ ಮ್ಯಾಲ ಬಂದು ಕೂಡ್ತೈತಿ ಅನ್ನೂ ಲೆಕ್ಕ, ಸ್ಪೀಡು ಆಮ್ಯಾಲಿನ ಮಾತು.

ಇದನ್ನ ನಾ ಸರಿಗಮದಾಗ ಹೇಳ್ತೀನಿ. ಪಂಡಿತ ರಾಮಭಾವು ಬಿಜಾಪುರೆಯವರು ಹಾರ್ಮೋನಿಯಂ ಕಲಿಸಿದ ಊರು ಇದು, ಇಲ್ಲಿ ಓಣಿಗೊಬ್ಬರರ ಪೆಟಗಿ ಬಾರಸಾವ್ರು ಸಿಗ್ತಾರ, ಸಿ ಡಿ ಇ ಅನ್ನೂದಕ್ಕಿಂತ ಸಾ ರೇ ಗ ಅಂದ್ರ ನಮ್ಮ ಕಿವಿಗೆ ಲಗೂನ ಹತ್ತತೈತಿ. ಹಿಂದೂಸ್ತಾನಿ ಲೆಕ್ಕದಾಗ ಶುದ್ಧ, ಕೋಮಲ, ತೀವ್ರ ಗೊತ್ತಿದ್ರ ಸಾಕು, ಉಳಿದಿದ್ದನ್ನ ಮುಂದ ಹೇಳ್ತೀನಿ.

ಮೊದಲ ಎರಡು ಮಾತು ಹಳೇ ಸುದ್ದಿ. 1940ರ ದಶಕದ ಸುರುವಾತಿಗೆ ಅಮೆರಿಕಾದಾಗ ಜಾಝ್ ಅಂದ್ರ ದೊಡ್ಡ ದೊಡ್ಡ ಸ್ವಿಂಗ್ ಬ್ಯಾಂಡು, ಜನ ಕುಣ್ಯಾಕ ಬರ್ತಿದ್ರು. ಆ ಬ್ಯಾಂಡಿನ ಕೆಲಸ ಮುಗಿಸಿ ರಾತ್ರಿ ಹೊತ್ತಾದ ಮ್ಯಾಲ ನ್ಯೂಯಾರ್ಕಿನ ಹಾರ್ಲೆಮ್‌ದಾಗ ಮಿಂಟನ್ಸ್ ಪ್ಲೇಹೌಸ್ ಅಂಥಾ ಜಾಗಾದಾಗ ಕೆಲವು ಮಂದಿ ಕೂಡಿ ತಮಗೋಸ್ಕರ ತಾವು ಬಾರಸ್ತಿದ್ರು, ಪಿಯಾನೋಕ್ಕ ಥೆಲೋನಿಯಸ್ ಮಂಕ್, ಡ್ರಮ್ಸ್‌ಗೆ ಕೆನ್ನಿ ಕ್ಲಾರ್ಕ್, ಟ್ರಂಪೆಟ್ಟಿಗೆ ಡಿಜ್ಜಿ ಗಿಲೆಸ್ಪಿ, ಸ್ಯಾಕ್ಸೋಫೋನಿಗೆ ಚಾರ್ಲಿ ಪಾರ್ಕರ್. ಕುಣಿಯಾವ್ರ ಕಾಟ ಇಲ್ಲಂದ ಮ್ಯಾಲ ಲಯ ಎಷ್ಟರ ಏರಸಬಹುದು, ಕಾರ್ಡ್ (ಒಮ್ಮೆಲೆ ಬಾರಸೂ ಸ್ವರಗಳ ಗುಂಪು) ಎಷ್ಟರ ತಿರವಬಹುದು. 1942ರ ಆಗಸ್ಟಿನಾಗ ಅಮೆರಿಕಾದ ಸಂಗೀತಗಾರರ ಯೂನಿಯನ್ನು ರಾಯಲ್ಟಿ ಜಗಳಕ್ಕ ರೆಕಾರ್ಡಿಂಗೇ ಬಂದ್ ಮಾಡಿತ್ತು, ಹಂಗಾಗಿ ಈ ಕೂಸು ಅಂಬೆಗಾಲಿಟ್ಟ ಕಾಲದ ರೆಕಾರ್ಡು ನಮಗ ಭಾಳ ಕಮ್ಮಿ ಸಿಗ್ತಾವು, 1945ರ ಹೊತ್ತಿಗೆ ಕೇಳಿದ್ರ ಹುಡುಗ ಆಗ್ಲೇ ಓಡ್ಯಾಡಾಕತ್ತಿರ್ತಾನ, ಪಾರ್ಕರ್ ಒಮ್ಮೊಮ್ಮೆ ನಿಮಿಷಕ್ಕ ಸುಮಾರು 300 ಬೀಟ್ ಲಯದಾಗ ಬಾರಸ್ತಾನ.

ಗಿಟಾರ್‌ನವರಿಗೆ ಮುಖ್ಯ ಮನಶ್ಯಾ ಚಾರ್ಲಿ ಕ್ರಿಶ್ಚಿಯನ್. ಅಲ್ಲೀತನಕಾ ಬ್ಯಾಂಡಿನಾಗ ಗಿಟಾರ್ ಅಂದ್ರ ಹೆಚ್ಚಾಗಿ ಹಿಂದ ಕುಂತು ನಾಕೂ ಮಾತ್ರೆಗೆ ಕಾರ್ಡ್ ಕೆರಿಯೂ ವಾದ್ಯ. ಇಂವ 1939ಕ್ಕ ಬೆನ್ನಿ ಗುಡ್‌ಮನ್ ಬ್ಯಾಂಡ್ ಸೇರಿ, ಎಲೆಕ್ಟ್ರಿಕ್ ಗಿಟಾರ್ ಹಿಡ್ದು ಸ್ಯಾಕ್ಸೋಫೋನ್ ಬಾರಿಸಿದಂಗ ಒಂಟಿ ತಂತಿ ಮ್ಯಾಲ ಉದ್ದುದ್ದ ಸಾಲು ತಗದಾ. 1941ರಾಗ ಮಿಂಟನ್ಸ್‌ನ್ಯಾಗ ಇಂವ ಬಾರಿಸಿದ್ದನ್ನ ಒಬ್ಬಾಂವ ರೆಕಾರ್ಡ್ ಮಾಡಿ ಇಟ್ಟಾನ, ಈಗೂ ಕೇಳಾಕ ಸಿಗ್ತೈತಿ. ಮುಂದಿನ ವರ್ಷ ಟಿಬಿ ಆಗಿ ತೀರಿಕೊಂಡ, ವಯಸ್ಸು ಬರೇ 25.

ನಮ್ಮ ಕಡೆ ಜಾಝ್ ಎಲ್ಲಿಂದ ಬರಬೇಕು ಅಂತ ಕೇಳಬ್ಯಾಡ್ರಿ. ಚೋರ್ಲಾ ಘಾಟ್ ಇಳಿದ್ರ ಗೋವಾ, ಅಲ್ಲಿಂದ ಮುಂಬೈಗೆ ಹೋದ ಚಿಕ್ ಚಾಕಲೇಟ್ ಅಂಥಾ ಟ್ರಂಪೆಟ್‌ನವ್ರು ಹೋಟೆಲಿನಾಗ ಜಾಝ್ ಬಾರಿಸಿ ಹಗಲೊತ್ತು ಹಿಂದಿ ಸಿನೆಮಾ ಸ್ಟುಡಿಯೋದಾಗ ಕೆಲಸ ಮಾಡ್ತಿದ್ರು. ನಮ್ಮಜ್ಜ ರೇಡಿಯೋದಾಗ ಕೇಳಿ ತಲಿ ಆಡಿಸಿದ ಎಷ್ಟೋ ಹಾಡಿನ ಹಿಂದ ಇದೇ ಸ್ವರ ಕುಂತಾವು, ಅಂವಗ ಹೆಸರು ಗೊತ್ತಿರಲಿಲ್ಲ ಅಷ್ಟ.

ಈಗ ವಿಷಯಕ್ಕ ಬರೂಣು. ನಮ್ಮ ಸಂಗೀತದಾಗ ತಂಬೂರಿ ಒಂದ ಸಾ ಹಿಡ್ದು ಕುಂತಿರ್ತೈತಿ, ಗಾಯಕ ಎಲ್ಲಿ ತಿರುಗಿ ಬಂದ್ರೂ ಮನಿ ಅಲ್ಲೇ ಇರ್ತೈತಿ. ಜಾಝ್‌ದಾಗ ಕಾರ್ಡ್ ಬದಲಾದಂಗ ಮನೀನ ಸರೀತೈತಿ. ನೀವು ಹಾರ್ಮೋನಿಯಂ ಸಾಥ್ ಕೊಡಾಕ ಕುಂತೀರಿ, ಗಾಯಕ ನಾಕು ನಾಕು ಮಾತ್ರೆಗೆ ಸಾ ಬದಲಸಾಕತ್ತಿದ ಅಂದ್ರ ನಿಮ್ಮ ಗತಿ ಏನಾದೀತು? ಸ್ಕೇಲ್ ಓಡಸಾವ್ನ ಗತಿ ಅದ ಆಗೂದು, ಬೆರಳು ಸರಿ ಸ್ವರಗಳ ಮ್ಯಾಲ ಇರ್ತಾವು ಆದ್ರ ಮನಿ ಆಗ್ಲೇ ಬ್ಯಾರೆ ಓಣಿಗೆ ಹೋಗಿರ್ತೈತಿ.

ಜಾಝ್‌ದಾಗ ಹೆಜ್ಜೆ ಹೆಜ್ಜೆಗೆ ಸಿಗೂ ಕಾರ್ಡ್ ಸರಣಿ ಅಂದ್ರ ಟೂ-ಫೈವ್-ಒನ್, ಅಂದ್ರ ರೇ ಮ್ಯಾಲ ಕಟ್ಟಿದ ಕಾರ್ಡ್, ಆಮ್ಯಾಲ ಪ ಮ್ಯಾಲಿನ ಕಾರ್ಡ್, ಕಡೀಕ ಸಾ ಮ್ಯಾಲಿನ ಕಾರ್ಡ್. ಸಾ ಅನ್ನೂದು ಸಿ ಅಂತ ಇಟ್ಕೊಂಡ್ರ ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್. ಮೊದಲನೇದ್ರಾಗ ಸ್ವರ ರೇ ಮ ಧ ಸಾ, ಎರಡನೇದ್ರಾಗ ಪ ನಿ ರೇ ಮ, ಮೂರನೇದ್ರಾಗ ಸಾ ಗ ಪ ನಿ. ಇದನ್ನ ಬಾಯಿಪಾಠ ಮಾಡ್ರಿ, ಆದ್ರ ಹನ್ನೆರಡೂ ಸ್ವರ ಒಮ್ಮೆಲೆ ತಲ್ಯಾಗ ಇಟ್ಕೊಳ್ಳೂ ಜರೂರಿಲ್ಲ. ಪ್ರತಿ ಕಾರ್ಡಿನ ಬಣ್ಣ ಇರೂದು ಅದರ ಮೂರನೇ ಮತ್ತ ಏಳನೇ ಸ್ವರದಾಗ, ಇವಕ್ಕ ಗೈಡ್ ಟೋನ್ ಅಂತಾರ. ಮೊದಲನೇ ಕಾರ್ಡಿಗೆ ಅವು ಮ ಮತ್ತ ಸಾ. ಎರಡನೇದಕ್ಕ ನಿ ಮತ್ತ ಮ. ಮೂರನೇದಕ್ಕ ಗ ಮತ್ತ ನಿ. ಈಗ ಎರಡು ದಾರ ಹಿಡ್ದು ಎಳೀರಿ: ಸಾ ಇದ್ದದ್ದು ಅರ್ಧ ಮೆಟ್ಟಿಲು ಇಳಿದು ನಿ ಆಗ್ತೈತಿ, ಅಲ್ಲೇ ನಿಲ್ತೈತಿ. ಮ ಇದ್ದದ್ದು ಎರಡನೇ ಕಾರ್ಡಿಗೂ ಮ ಆಗೇ ಉಳಿದು ಮೂರನೇದಕ್ಕ ಅರ್ಧ ಮೆಟ್ಟಿಲು ಇಳಿದು ಗ ಆಗ್ತೈತಿ. ಇಷ್ಟು ದೊಡ್ಡ ಮನಿ ಬದಲಾತು ಅಂತ ಅನಸ್ತೈತಿ, ಖರೆ ಸರಿದಿದ್ದು ಒಂದೊಂದು ಫ್ರೆಟ್.

ಒಂದು ತಿಂಗಳ ಗಿಟಾರ್ ಮೂಲಿಗಿಟ್ರೂ ನಡೀತೈತಿ, ಈ ಎರಡು ದಾರಾನ ಹಾಡ್ರಿ. ಯಾರರ ಕಾರ್ಡ್ ಬಾರಿಸಿದ್ರ ಚಲೋ, ಇಲ್ಲಂದ್ರ ಐರಿಯಲ್ ಪ್ರೊ ಅಂಥಾ ಆ್ಯಪ್ ಹಚ್ಚಿಕೊಂಡು ಬರೇ ಮ, ಮ, ಗ ಅಂತ ಹಾಡ್ರಿ, ಆಮ್ಯಾಲ ಸಾ, ನಿ, ನಿ. ನನಗ ಇದನ್ನ ಮೊದಲ ಯಾರರ ಹೇಳಿದ್ರ ಎರಡು ವರ್ಷದ ಕರೆಂಟ್ ಬಿಲ್ ಉಳೀತಿತ್ತು. ಲೈನ್ ಏನ ಕಟ್ಟಿದ್ರೂ ಈ ಮ ಯಾವಾಗ ಗ ಆಗ್ತೈತಿ ಅನ್ನೂದು ಕೇಳೂ ಮನಶ್ಯಾಗ ತಿಳೀಬೇಕು, ಅಷ್ಟ ತಿಳಿದ್ರ ಹಿಂದ ಬಾರಸಾವ್ರು ಯಾರೂ ಇಲ್ಲದಿದ್ರೂ ಕಾರ್ಡು ಕೇಳಿಸ್ತೈತಿ. ಪಾರ್ಕರ್‌ನ ಸೋಲೋದಾಗಿಂದ ಪಿಯಾನೋ, ಬೇಸ್ ಎರಡೂ ತಗದು ಒಗದ್ರೂ ಕಾರ್ಡ್ ಎಲ್ಲಿ ಬದಲಾತು ಅಂತ ಗೊತ್ತಾಗ್ತೈತಿ ಅನ್ನೂದು ಇದಕ್ಕ.

ಈಗ ಲೆಕ್ಕದ ಭಾಗ, ನನಗ ಭಾಳ ಸೇರೂ ಭಾಗ. ಬೀಬಾಪ್ ಲೈನ್ ಹೆಚ್ಚಾಗಿ ಎಯ್ತ್ ನೋಟ್‌ದಾಗ ನಡೀತಾವು, ನಮ್ಮ ಭಾಷಾದಾಗ ದುಗುನ್, ಒಂದು ಮಾತ್ರೆಗೆ ಎರಡು ಸ್ವರ. ನಾಕು ಮಾತ್ರೆಗೆ ಎಂಟು. ಆದ್ರ ಸಪ್ತಕದಾಗ ಸ್ವರ ಏಳ! ಇಲ್ಲೇ ಗಂಟು ಬೀಳೂದು. ಜಿ ಸೆವೆನ್ ಕಾರ್ಡ್ ಐತಿ ಅಂತ ಇಟ್ಕೊಳ್ರಿ, ಈ ಒಂದು ಲೆಕ್ಕದ ಪೂರ್ತಿ ಜಿ ಅನ್ನೂದನ್ನ ಸಾ ಮಾಡ್ಕೋರಿ, ಅಂದ್ರ ಕಾರ್ಡಿನ ಸ್ವರ ಸಾ, ಗ, ಪ, ಕೋಮಲ ನಿ, ಸ್ಕೇಲು ಖಮಾಜ್ ಥಾಟ್, ಅಂದ್ರ ನಿ ಒಂದ ಕೋಮಲ, ಉಳಿದಿದ್ದೆಲ್ಲಾ ಶುದ್ಧ. ಮ್ಯಾಲಿನ ಸಾದಿಂದ ದುಗುನ್‌ದಾಗ ಕೆಳಗ ಇಳೀರಿ: ಸಾ, ಕೋಮಲ ನಿ, ಧ, ಪ, ಮ, ಗ, ರೇ, ಸಾ. ಮಾತ್ರೆ ಮ್ಯಾಲ ಬಿದ್ದಿದ್ದು ಯಾವ್ಯಾವು? ಸಾ, ಧ, ಮ, ರೇ. ನಾಕರಾಗ ಕಾರ್ಡಿನ ಸ್ವರ ಒಂದ, ಸಾ. ಗ, ಪ, ಕೋಮಲ ನಿ ಮೂರೂ ಮಾತ್ರೆಯ ನಡುವಿನ ಸಂದಿದಾಗ ಸಿಕ್ಕೊಂಡಾವು. ಅಂದ್ರ ಒಂದೂ ತಪ್ಪು ಸ್ವರ ಬಾರಸದ ನೀವು ತಪ್ಪು ಕೇಳಸ್ತೀರಿ. ನನ್ನ ಗೆಳ್ಯಾಗ ಕೇಳಿಸಿದ್ದು ಇದ.

ಈಗ ಸಾ ಮತ್ತ ಕೋಮಲ ನಿ ನಡುವ ಶುದ್ಧ ನಿ ಒಂದನ್ನ ತುರುಕ್ರಿ. ಸಾ, ನಿ, ಕೋಮಲ ನಿ, ಧ, ಪ, ಮ, ಗ, ರೇ, ಮುಂದಿನ ಸುತ್ತಿಗೆ ಮತ್ತ ಸಾ. ಮಾತ್ರೆ ಮ್ಯಾಲ ಬಿದ್ದಿದ್ದು ಸಾ, ಕೋಮಲ ನಿ, ಪ, ಗ. ನಾಕಕ್ಕ ನಾಕೂ ಕಾರ್ಡಿನ ಸ್ವರ! ಒಂದ ಒಂದು ಹೆಚ್ಚಿನ ಸ್ವರ ಹಾಕಿದ್ದಕ್ಕ ಪೂರಾ ಸಾಲು ತಾನಾಗೇ ಸಾಲಿಗೆ ಬಂತು. ನಾ ಇದನ್ನ ಮೊದಲನೇ ಸಲ ಹಾಳಿ ಮ್ಯಾಲ ಬರದು ನೋಡಿದಾಗ ಒಬ್ಬಾಂವನ ನಕ್ಕೆ. ಇದಕ್ಕ ಬೀಬಾಪ್ ಸ್ಕೇಲ್ ಅಂತಾರ, ಇಂಡಿಯಾನಾ ವಿಶ್ವವಿದ್ಯಾಲಯದಾಗ ಜಾಝ್ ಕಲಿಸ್ತಿದ್ದ ಡೇವಿಡ್ ಬೇಕರ್ ಈ ಹೆಸರನ್ನ ಎಲ್ಲಾ ಕಡೆ ಹಬ್ಬಿಸಿದ್ದು. ಸ್ವರ ಮೊದಲು ಬಂದು ಹೆಸರು ಆಮ್ಯಾಲ ಬಂದಿದ್ದು, ನಮ್ಮ ರಾಗಕ್ಕೂ ಥಾಟಿಗೂ ಆದಂಗ.

ಖಮಾಜ್ ರಾಗ ಕಲ್ತವ್ರು ಈಗ ಹುಬ್ಬು ಏರಿಸಿರ್ತೀರಿ, ಖರೆ, ಖಮಾಜ್‌ದಾಗೂ ಎರಡು ನಿಷಾದ ಅದಾವು. ಆದ್ರ ಅಲ್ಲೆ ಏರೂಮುಂದ ಶುದ್ಧ, ಇಳಿಯೂಮುಂದ ಕೋಮಲ, ಎರಡನ್ನೂ ಒಂದರ ಬೆನ್ನಿಗೊಂದು ಹಚ್ಚಿ ಇಳಿದ್ರ ಗುರುಗಳು ಕಣ್ಣು ಕೆಂಪು ಮಾಡ್ತಾರ. ಬೀಬಾಪ್‌ದಾಗ ಹಂಗ ಹಚ್ಚೂದ ಕಾಯದೆ. ನಾ ಸುರುವಿಗೆ ಖಮಾಜ್ ಅಂತ ತಿಳ್ಕೊಂಡು ಬಾರಸಾಕ ಹೋಗಿ ಭಜನಿ ಕೇಳಿಸ್ತಿತ್ತು, ಅದು ಬ್ಯಾರೆ ಮಾತು.

ಈ ಹೆಚ್ಚಿನ ಸ್ವರ ಯಾವಾಗ್ಲೂ ಬೇಕು ಅಂತಿಲ್ಲ. ರೇದಿಂದ ಇಳೀರಿ ನೋಡೂಣು: ರೇ, ಸಾ, ಕೋಮಲ ನಿ, ಧ, ಪ, ಮ, ಗ, ರೇ, ಸಾ. ಮಾತ್ರೆ ಮ್ಯಾಲ ರೇ, ಕೋಮಲ ನಿ, ಪ, ಗ, ಸಾ, ಏನೂ ತುರುಕದ ಸರಿ ಬಂತು. ಡೆಟ್ರಾಯಿಟ್‌ನ ಪಿಯಾನಿಸ್ಟ್ ಬ್ಯಾರಿ ಹ್ಯಾರಿಸ್ 2021ರಾಗ ತೀರಿಕೊಳ್ಳೂತನಕಾ ದಶಕಗಟ್ಟಲೆ ಕಲಿಸಿದ್ದು ಇದ ಲೆಕ್ಕಾನ, ಮಾತ್ರೆ ಮ್ಯಾಲ ಕಾರ್ಡಿನ ಸ್ವರದಿಂದ ಎತ್ತಿದ್ರ ಅರ್ಧ ಮೆಟ್ಟಿಲಿನ ಸ್ವರ ಒಂದು ಇಲ್ಲಾ ಮೂರು ಸೇರಸೂದು, ರೇ, ಮ, ಧ ಅಂಥಾ ನಡುವಿನ ಸ್ವರದಿಂದ ಎತ್ತಿದ್ರ ಒಂದೂ ಸೇರಸಬಾರದು ಇಲ್ಲಾ ಎರಡು ಸೇರಸೂದು. ಸಮ-ಬೆಸ ಆಟ, ಚೌಕಾಬಾರಾ ಆಡಿದವರಿಗೆ ಕೈ ಹತ್ತತೈತಿ. ಅವರದ ಇನ್ನೊಂದು ಮಾತು ನನ್ನ ಅರ್ಧ ತಲಿಬ್ಯಾನಿ ಕಡಿಮಿ ಮಾಡ್ತು: ಟೂ-ಫೈವ್ ಬಂದಲ್ಲಿ ಟೂ ಕಾರ್ಡಿಗೆ ಬ್ಯಾರೆ ಸ್ಕೇಲ್ ಹುಡುಕೂದು ಬಿಟ್ಟು ಎರಡಕ್ಕೂ ಫೈವ್‌ನ ಸ್ಕೇಲ್ ಒಂದ ಬಾರಸ್ರಿ. ಇನ್ನ ಮೇಜರ್ ಕಾರ್ಡಿಗೆ ಇದೇ ಕೆಲಸ ಕೋಮಲ ಧ ಮಾಡ್ತೈತಿ, ಪ ಮತ್ತ ಧ ನಡುವ ಕುಂತು. ಇಳದ್ರ ಮಾತ್ರೆ ಮ್ಯಾಲ ಸಾ, ಧ, ಪ, ಗ ಬರ್ತಾವು. ಕೈಲೆ ಎಣಿಸಿ ನೋಡ್ರಿ, ನಾ ಹೇಳಿದ್ದು ನಂಬಬ್ಯಾಡ್ರಿ.

ಆದ್ರ ಬರೇ ಮ್ಯಾಲಿಂದ ಕೆಳಗ ಇಳಿಯೂದು ಲೈನ್ ಆಗಂಗಿಲ್ಲ, ಅದು ಜಾರಬಂಡಿ ಆಗ್ತೈತಿ. ಲೈನಿಗೆ ಏರು ಬೇಕು, ತಿರುವು ಬೇಕು. ಏರಾಕ ಸಾಮಾನ್ಯವಾಗಿ ಆರ್ಪೆಜಿಯೋ, ಅಂದ್ರ ಕಾರ್ಡನ್ನ ಒಡದು ಒಂದೊಂದ ಸ್ವರ ಬಾರಸೂದು, ಇಳ್ಯಾಕ ಸ್ಕೇಲು. ತಿರುವಿಗೆ ಎನ್‌ಕ್ಲೋಜರ್ ಅಂತ ಒಂದು ಉಪಾಯ ಐತಿ. ಮುಟ್ಟಬೇಕಾದ ಸ್ವರ ಗ ಅಂತ ಇಟ್ಕೋರಿ, ಸೀದಾ ಗಕ್ಕ ಹೋಗದ ಮೊದಲ ಅದರ ಮ್ಯಾಲಿನ ಮ, ಆಮ್ಯಾಲ ಕೆಳಗಿನ ಕೋಮಲ ಗ, ಆಮ್ಯಾಲ ಗ. ಚನ್ನಮ್ಮ ಸರ್ಕಲ್‌ದಾಗ ರಸ್ತಾ ದಾಟೂಮುಂದ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ನೋಡಿ ಹೆಜ್ಜಿ ಇಡ್ತೀವಲ್ಲ, ಹಂಗ. ಕೋಮಲ ಗ ಆ ಕಾರ್ಡಿಗೆ ಪೂರಾ ಪರದೇಶಿ ಸ್ವರ, ಆದ್ರ ಮಾತ್ರೆಯ ಸಂದಿದಾಗ ಬಂದು ಹೋಗೂದರಿಂದ ಯಾರೂ ತಕರಾರು ಮಾಡಂಗಿಲ್ಲ, ಉಲ್ಟಾ ಗ ಬಂದಾಗ ಹಾಯ್ ಅನಸ್ತೈತಿ. ಅದ ಕೋಮಲ ಗ ಮಾತ್ರೆ ಮ್ಯಾಲ ಕುಂತ್ರ ತಪ್ಪು ಅಂತ ನಮ್ಮ ಅವ್ವಗೂ ಗೊತ್ತಾಗ್ತೈತಿ. ಈ ಉಪಾಯ ಕಲ್ತ ಹೊಸದಾಗಿ ನಾ ಎಲ್ಲಾ ಸ್ವರಕ್ಕೂ ಇದನ್ನ ಹಚ್ಚಿ ಹಚ್ಚಿ ಒಗ್ಗರಣಿನ ಹೆಚ್ಚಾಗಿ ಬ್ಯಾಳಿ ಎಲ್ಲೈತಿ ಅಂತ ಹುಡುಕೂ ಹಂಗ ಆಗಿತ್ತು, ನೀವು ಮಾಡಬ್ಯಾಡ್ರಿ. ಕಾರ್ಡ್ ಬದಲಾಗೂ ಜಾಗಾದಾಗ ಒಂದು ಹಾಕಿದ್ರ ಸಾಕು.

ಈಗ ಇಲ್ಲೀತನಕಾ ಹೇಳಿದ್ದೆಲ್ಲಾ ಒಂದ ಸಾಲಿನ್ಯಾಗ ಕಟ್ಟೂಣು. ಸಾ ಮತ್ತ ಸಿ. ಡಿ ಮೈನರ್ ಸೆವೆನ್ ಮ್ಯಾಲ ನಾಕು ಮಾತ್ರೆ: ರೇ ಮ, ಧ ಸಾ, ಗ ರೇ, ಸಾ ಕೋಮಲ ನಿ. ಇಲ್ಲಿ ಧ ಆದ ಮ್ಯಾಲಿನ ಸಾ, ಗ, ರೇ ಮ್ಯಾಲಿನ ಸಪ್ತಕದವು. ಜಿ ಸೆವೆನ್ ಮ್ಯಾಲ ನಾಕು ಮಾತ್ರೆ: ನಿ ರೇ, ಮ ಕೋಮಲ ಧ, ಪ ತೀವ್ರ ಮ, ಮ ಕೋಮಲ ಗ. ಇಲ್ಲೂ ನಿ ಒಂದನ್ನ ಬಿಟ್ರ ಉಳಿದಿದ್ದೆಲ್ಲಾ ಮ್ಯಾಲಿನ ಸಪ್ತಕ. ಸಿ ಮೇಜರ್ ಬಂದ ಕೂಡ್ಲೇ: ಗ. ಅಷ್ಟ, ಒಟ್ಟು ಹದಿನೇಳು ಸ್ವರ. ಐದನೇ ತಂತಿಯ ಐದನೇ ಫ್ರೆಟ್ಟಿನಿಂದ ಎತ್ತಿದ್ರ ಮೂರರಿಂದ ಎಂಟನೇ ಫ್ರೆಟ್ ಒಳಗ ಪೂರಾ ಸಾಲು ಕೂಡ್ತೈತಿ, ಕೈ ಅತ್ತಿತ್ತ ಹಾರಸೂ ಕೆಲಸ ಇಲ್ಲ.

ಬಿಚ್ಚಿ ನೋಡ್ರಿ. ರೇ ಮ ಧ ಸಾ ಏರಿಕೆ, ಸೀದಾ ಮೊದಲನೇ ಕಾರ್ಡು, ಅದರ ತುದಿಗೆ ಗ, ಕಾರ್ಡಿನ ಒಂಬತ್ತನೇ ಸ್ವರ, ಚೂರು ಬಣ್ಣ. ಆಮ್ಯಾಲ ಸಾ, ಕೋಮಲ ನಿ, ನಿ, ಇದು ಎನ್‌ಕ್ಲೋಜರ್, ನಿ ಬಂದು ಕುಂತಿದ್ದು ಕಾರ್ಡ್ ಬದಲಾದ ಮಾತ್ರೆ ಮ್ಯಾಲ. ನೆನಪೈತಲ್ಲ, ಸಾ ಇಳಿದು ನಿ ಆಗೂ ದಾರ? ಅದ ದಾರ, ನಡುವ ಒಂದು ಸುತ್ತು ಹಾಕೇತಿ. ನಿ ರೇ ಮ ಕೋಮಲ ಧ ಅನ್ನೂದು ಜಿ ಸೆವೆನ್‌ನ ಮೂರನೇ ಸ್ವರದಿಂದ ಎತ್ತಿದ ಆರ್ಪೆಜಿಯೋ, ತುದಿಗೆ ಕೋಮಲ ಧ ಹಾಕಿದ್ದಕ್ಕ ಕಾರ್ಡಿಗೆ ಒಂದು ಥರಾ ತಳಮಳ ಬರ್ತೈತಿ, ಇದಕ್ಕ ಫ್ಲಾಟ್ ನೈನ್ ಅಂತಾರ, ಭೈರವ್ ಕೇಳಿದ ಕಿವಿಗೆ ಕೋಮಲ ಧ ಪ ಸ್ವರದ ಕಡೆ ವಾಲಿಕೊಂಡು ಬೀಳೂದು ಹೊಸಾದಲ್ಲ. ಆಮ್ಯಾಲ ಪ, ತೀವ್ರ ಮ, ಮ. ಈ ತೀವ್ರ ಮ ಯಾರು ಅಂತೀರಿ? ಆಗ ಜಿ ಅನ್ನೂದನ್ನ ಸಾ ಮಾಡ್ಕೊಂಡು ತುರುಕಿದ ಶುದ್ಧ ನಿ, ಅದ ಮನಶ್ಯಾ, ಸಾ ಬದಲಾಗಿದ್ದಕ್ಕ ಹೆಸರು ಬದಲಾಗೇತಿ, ನಮ್ಮ ಮೂರ್ಛನೆ ಲೆಕ್ಕ. ಕಡೀಕ ಮ, ಕೋಮಲ ಗ, ಗ. ಎರಡನೇ ದಾರಾನೂ ಮುಟ್ತು. ಎರಡನೇ ಕಾರ್ಡಿನಾಗ ಮಾತ್ರೆ ಮ್ಯಾಲ ಬಿದ್ದವು ನಿ, ಮ, ಪ, ಮ, ಎಲ್ಲಾ ಜಿ ಸೆವೆನ್ ಮಂದಿ, ಪರದೇಶಿಗಳು ಕೋಮಲ ಧ, ತೀವ್ರ ಮ, ಕೋಮಲ ಗ ಮೂರೂ ಸಂದಿದಾಗ.

ಸ್ವರ ಸರಿ ಇದ್ರೂ ಗಿಟಾರದಾಗ ಇದು ಸತ್ತ ಹೆಣದಂಗ ಕೇಳಸಬಹುದು, ಯಾಕಂದ್ರ ಪಿಕ್, ತಂತಿ ಮೀಟೂ ಚಿಪ್ಪು. ಅಲ್ಟರ್ನೇಟ್ ಪಿಕಿಂಗ್‌ದಾಗ ಒಮ್ಮೆ ಕೆಳಗ ಒಮ್ಮೆ ಮ್ಯಾಲ ಹೊಡೀತೀವಿ, ಕೆಳಗಿನ ಹೊಡತ ಮಾತ್ರೆ ಮ್ಯಾಲ ಬರ್ತೈತಿ, ಕೈ ಭಾರಕ್ಕ ಅದ ಜೋರಾಗಿ ಕೇಳಸ್ತೈತಿ, ಟಕ ಟಕ ಟಕ ಅಂತ ಮಿಶಿನ್ ಹೊಲಿದಂಗ. ಬೀಬಾಪ್‌ದಾಗ ಒತ್ತು ಬೀಳೂದು ಹೆಚ್ಚಾಗಿ ಸಂದಿಯ ಸ್ವರಕ್ಕ, ಇಲ್ಲಾ ಸಾಲು ಏರಿ ತಿರುಗೂ ತುದಿಯ ಸ್ವರಕ್ಕ. ಅದಕ್ಕ ಸಂದಿಯ ಸ್ವರಾನ ಪಿಕ್ಕಿಲೆ ಹೊಡದು ಮಾತ್ರೆಯ ಸ್ವರಕ್ಕ ಪಿಕ್ ಹಚ್ಚದ ಎಡಗೈ ಬೆರಳಿಲೇ ಹ್ಯಾಮರ್, ಪುಲ್ ಇಲ್ಲಾ ಸ್ಲೈಡ್‌ಲೆ ಜಾರೂದು ಕಲೀಬೇಕು. ಇನ್ನ ಸ್ವಿಂಗ್ ಅಂದ್ರ ದುಗುನ್‌ನ ಎರಡು ಸ್ವರ ಸರಿಸಮ ಇರಂಗಿಲ್ಲ, ಮೊದಲನೇದು ಚೂರು ಉದ್ದ, ಎರಡನೇದು ಚೂರು ಗಿಡ್ಡ. ಎಷ್ಟು ಅಂತ ಅಳತಿ ಕೇಳಬ್ಯಾಡ್ರಿ, ಲಯ ಏರಿದಂಗ ಆ ವ್ಯತ್ಯಾಸ ಕರಗಿ ಸರಿಸಮ ಆಗ್ತೈತಿ, ಇದನ್ನ ಕೇಳೇ ಹಿಡೀಬೇಕು. ಮೆಟ್ರೋನೋಮ್ ಒಂದನೇ, ಮೂರನೇ ಮಾತ್ರೆಗೆ ಇಡಬ್ಯಾಡ್ರಿ, ಎರಡನೇ, ನಾಕನೇ ಮಾತ್ರೆಗೆ ಬಡಿಯೂ ಹಂಗ ಇಡ್ರಿ.

ಉಸಿರಿನ ಮಾತೂ ಐತಿ. ಸ್ಯಾಕ್ಸೋಫೋನ್‌ನಾಂವ ಉಸಿರು ಮುಗೀತಂದ್ರ ನಿಲ್ಲಲೇಬೇಕು, ಗಿಟಾರ್‌ನಾಂವಗ ಆ ಧಾಸ್ತಿ ಇಲ್ಲ, ಮುಂಜಾನಿಂದ ಸಂಜೀತನಕಾ ಬಾರಸಬಹುದು, ನಾನೂ ಬಾರಿಸೇನಿ. ಬಾರಸೂದನ್ನ ಜೋಡೀಲೆ ಬಾಯಿಲೆ ಹಾಡ್ರಿ, ಉಸಿರು ಮುಗಿದಲ್ಲಿ ಕೈ ನಿಲ್ಲಿಸ್ರಿ.

ಲೈನ್ ಕಲಿಯೂದು ಎಲ್ಲಿಂದ? ಟ್ಯಾಬ್ ಪಿಡಿಎಫ್ ಡೌನ್‌ಲೋಡ್ ಮಾಡೂ ಚಟಾ ನನಗೂ ಇತ್ತು, ಫೋಲ್ಡರ್ ತುಂಬ್ತು, ತಲಿ ತುಂಬಲಿಲ್ಲ. ಕಿವಿಯಿಂದ ಎತ್ತರಿ. ವೆಸ್ ಮಾಂಟ್ಗೊಮರಿ, ಹೆಬ್ಬೆಟ್ಟಿಲೇ ಬಾರಸ್ತಿದ್ದ ಇಂಡಿಯಾನಾಪೊಲಿಸ್‌ನ ಮಹಾಶಯ, ಸುರು ಮಾಡಿದ್ದ ಚಾರ್ಲಿ ಕ್ರಿಶ್ಚಿಯನ್‌ನ ಸೋಲೋಗಳನ್ನ ರೆಕಾರ್ಡಿನಿಂದ ಸ್ವರಕ್ಕ ಸ್ವರ ಎತ್ತಿ. ಪ್ಯಾಟ್ ಮಾರ್ಟಿನೋದಂತೂ ಕಥಿನ, 1980ರಾಗ ಮಿದುಳಿನ ಆಪರೇಶನ್ ಆಗಿ ನೆನಪು ಹೋದ ಮ್ಯಾಲ ತನ್ನ ಹಳೇ ರೆಕಾರ್ಡು ತಾನ ಕೇಳಿ ಗಿಟಾರ್ ಮತ್ತ ಕಲ್ತಾ.

ಹಿಂಗ ನಕಲು ಮಾಡಿದ್ರ ಸ್ವಂತಿಕೆ ಸಾಯ್ತೈತಿ ಅಂತ ಯಾರರ ಅಂದ್ರ ಸುಳೇಭಾವಿ ಕಡೆ ಕೈ ತೋರಸ್ರಿ, ನಮ್ಮ ಊರಿಗೆ ಹತ್ತಿದ ಹಳ್ಳಿ. 1924ರಾಗ ಅಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಅನ್ನೂ ಹುಡುಗ ಗ್ರಾಮೋಫೋನ್ ಕೇಳಿ ದೊಡ್ಡ ದೊಡ್ಡ ಉಸ್ತಾದರ ಗಾಯನ ಇದ್ದದ್ದು ಇದ್ದಂಗ ಹಾಡಿ ತೋರಸ್ತಿದ್ದ, ಅದಕ್ಕ ಅಂವಗ ಗಂಧರ್ವ ಅನ್ನೂ ಹೆಸರು ಬಂತು. ದೊಡ್ಡಾಂವ ಆದ ಮ್ಯಾಲ ಕುಮಾರ ಗಂಧರ್ವ ಯಾರ ಹಂಗ ಹಾಡಿದ್ರು? ಯಾರ ಹಂಗೂ ಇಲ್ಲ.

ಯೂಟ್ಯೂಬ್‌ದಾಗ ಸ್ಪೀಡ್ ಅರ್ಧಕ್ಕ ಇಳಸ್ರಿ, ಎರಡ ಬಾರ್ (ನಾಕು ಮಾತ್ರೆಗೆ ಒಂದು ಬಾರ್) ತಗೋರಿ, ಮೊದಲ ಹಾಡ್ರಿ, ಆಮ್ಯಾಲ ಗಿಟಾರದಾಗ ಹುಡುಕ್ರಿ, ಆಮ್ಯಾಲ ಮಾತ್ರೆ ಮ್ಯಾಲ ಯಾವ ಸ್ವರ ಕುಂತೈತಿ ಅಂತ ನಾ ಮಾಡಿದಂಗ ಬಿಚ್ಚಿ ಬರೀರಿ. ಹನ್ನೆರಡೂ ಸಾ ಮ್ಯಾಲ ಬಾರಸ್ರಿ. ನೂರು ಲಿಕ್ (ಸಿದ್ಧ ಇರೂ ಸಣ್ಣ ಸಾಲು) ಗೊತ್ತಿದ್ದಾಂವಗಿಂತ ಎರಡ ಲಿಕ್ಕಿನ ಹೊಟ್ಟಿ ಬಗದು ನೋಡಿದಾಂವ ಲಗೂ ಮುಂದ ಹೋಗ್ತಾನ, ಇದು ನನ್ನ ಅಭಿಪ್ರಾಯ, ಜಗಳಕ್ಕ ಬರ್ತೀನಂದ್ರ ಬರ್ರಿ. ಸ್ಕೇಲಿನ ಪುಸ್ತಕ ಅಲ್ಲೀತನಕಾ ಮುಚ್ಚಿ ಇಡ್ರಿ.

ಗೆಳ್ಯಾನ ಪ್ರಶ್ನೆ ಇನ್ನೂ ಉಳದೈತಿ. ಈ ಸಾಲು ಕೈಗೆ ಕುಂತ ಮ್ಯಾಲ ಅಂವನ್ನ ಕರದೆ, ತೀನ್‌ತಾಲ್ ಹಚ್ಚು ಅಂದೆ. ಹದಿನಾರು ಮಾತ್ರೆ, ನನ್ನ ಲೆಕ್ಕಕ್ಕ ನಾಕು ಬಾರ್, ಸರಿ ಕೂಡ್ತೈತಿ ಅಂತ ಧೈರ್ಯ. ಸಮದಿಂದ ಎತ್ತಿದೆ, ಟೂ ಕಾರ್ಡು ಒಂದನೇ ಮಾತ್ರೆಗೆ, ಫೈವ್ ಐದನೇ ಮಾತ್ರೆಗೆ, ಗ ಬಂದು ಕುಂತಿದ್ದು ಒಂಬತ್ತಕ್ಕ. ಅಂವ ಮಾರಿ ಕಿವಿಚಿದ. ಒಂಬತ್ತು ಅಂದ್ರ ಖಾಲಿ, ತಾಳದಾಗ ಒತ್ತು ಇಲ್ಲದ ಜಾಗಾ! ನಾ ಮನಿ ಮುಟ್ಟಿದೆ ಅಂತ ಕುಂತೀನಿ, ಅಂವನ ಬಾಯಾಗ ಬೋಲು ಧಾ ತಿಂ ತಿಂ ತಾ ನಡದೈತಿ, ಬಾಯಾಂ, ಅಂದ್ರ ಎಡಗೈದು, ಬಂದ್ ಆಗೇತಿ. ಜಾಝ್‌ದವ್ರಿಗೆ ಇದರಾಗ ತಪ್ಪೇನಿಲ್ಲ, ಅವರ ಮೂರನೇ ಬಾರ್ ಅದು. ಆದ್ರ ನಮ್ಮ ಕಿವಿಗೆ ಇದು ಮದವಿ ಮನಿಗೆ ಒಂದಿನ ತಡಾ ಮಾಡಿ ಹೋದಂಗ.

"ಖಾಲಿಯಿಂದ ಎತ್ತಲೇ, ಮುಖಡಾ ಎತ್ತಿದಂಗ" ಅಂದ. ಮುಖಡಾ ಅಂದ್ರ ಬಂದಿಶು, ಅಂದ್ರ ರಾಗದಾಗ ಕಟ್ಟಿದ ಹಾಡು, ಎತ್ತೂ ಮೊದಲ ತುಣುಕು. ತೀನ್‌ತಾಲದ ಎಷ್ಟೋ ಬಂದಿಶು ಒಂಬತ್ತಕ್ಕ ಎತ್ತಿ ಸಮಕ್ಕ ಬಂದು ಬೀಳ್ತಾವು, ಸಣ್ಣಿದ್ದಾಗಿಂದ ಕೇಳೇನಿ, ತಲಿಗೆ ಹೊಳೆದಿರಲಿಲ್ಲ. ಸಮದಿಂದ ಎಂಟು ಮಾತ್ರೆ ಸುಮ್ಮ ಕುಂತು ಸಿ ಮೇಜರ್ ಒಂದ ಮೆಲ್ಲಕ ಹಿಡ್ದೆ, ಒಂಬತ್ತಕ್ಕ ರೇ ಮ ಧ ಸಾ ಅಂತ ಎತ್ತಿದೆ, ಹದಿಮೂರಕ್ಕ ನಿ, ಹದಿನಾರಕ್ಕ ಮ, ಕೋಮಲ ಗ, ಅಂವನ ಧಾ ಮ್ಯಾಲ ಗ. ಅಂವ ತಲಿ ಅಲ್ಲಾಡಿಸಿದ, ಠೇಕಾ ಬಿಡಲಿಲ್ಲ. ಎರಡನೇ ಆವರ್ತನಕ್ಕ ಖುಷೀಲೆ ಅರ್ಧ ಮಾತ್ರೆ ತಡಾ ಮಾಡಿ ಎತ್ತಿಬಿಟ್ಟೆ, ಪರದೇಶಿಗಳೆಲ್ಲಾ ಬಂದು ಮಾತ್ರೆ ಮ್ಯಾಲ ಕುಂತ್ರು, ಕೋಮಲ ಗ ಸೀದಾ ಸಮದ ಮ್ಯಾಲ.